ಬಚ್ಚಲ ಒಲೆಗೂ ಮನೆಯ ಮಾಡಿಗೂ ಮಳೆಗಾಲಕ್ಕೆ ಮುನ್ನ ಆರೈಕೆ

ದೀಪಾವಳಿಯ ನೀರು ತುಂಬುವ ಹಬ್ಬದ ಸಂಜೆ ನಮ್ಮ ಕರಾವಳಿಯ ಮನೆಗಳಲ್ಲಿ ಬಚ್ಚಲಿನ ಹಂಡೆಯನ್ನು ಹುಣಸೆಹುಳಿ ಹಚ್ಚಿ ತಿಕ್ಕಿ ಬೆಳಗಿ, ಶೇಡಿಯಿಂದ ಗೆರೆ ಎಳೆದು, ಬಳ್ಳಿ ಸುತ್ತಿ, ಹೊಸ ನೀರು ತುಂಬುವ ಪದ್ಧತಿ ಇದೆ. ವರ್ಷಕ್ಕೊಮ್ಮೆ ಹಂಡೆಗೆ ಸಲ್ಲುವ ಈ ಮರ್ಯಾದೆ ಅದರ ಕೆಳಗಿರುವ ಒಲೆಗೆ ಮಾತ್ರ ಸಲ್ಲುವುದಿಲ್ಲ. ಹೊಗೆಯ ಕೊಳವೆ ಕಟ್ಟಿಕೊಂಡು, ಒಲೆಯ ಬಾಯಿ ಬಿರುಕು ಬಿಟ್ಟು, ಬಚ್ಚಲೆಲ್ಲ ಹೊಗೆ ತುಂಬಿದ ಮೇಲಷ್ಟೇ ಅದರ ನೆನಪಾಗುತ್ತದೆ. ಆಗ ಸಾಮಾನ್ಯವಾಗಿ ಆಷಾಢ ಮಾಸ. ಮಣ್ಣು ಕಲಸಿ ಮೆತ್ತಿದರೆ ಒಣಗುವುದಿಲ್ಲ, ಮಾಡು ಹತ್ತುವಂತಿಲ್ಲ.

ಶೀತ ದೇಶಗಳಲ್ಲಿ ಚಳಿಗಾಲ ಹಿಡಿಯುವ ಮೊದಲು ಮನೆ ಬೆಚ್ಚಗಿಡುವ ಯಂತ್ರವನ್ನೂ, ಬೇಸಗೆಗೆ ಮೊದಲು ತಂಪು ಮಾಡುವ ಯಂತ್ರವನ್ನೂ ತಪಾಸಣೆ ಮಾಡಿಸುವುದು ವಾಡಿಕೆ. ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲ್ಲೂಕುಗಳ ರೈತರ ಮನೆಯಲ್ಲಿ ಬಿಸಿ ಮಾಡುವ ಯಂತ್ರವೆಂದರೆ ಬಚ್ಚಲ ಒಲೆ. ತಂಪು ಮಾಡುವ ಯಂತ್ರವೆಂದರೆ ಮನೆಯ ಮಾಡು. ಎರಡಕ್ಕೂ ಏಪ್ರಿಲ್ ಮತ್ತು ಮೇ ತಿಂಗಳುಗಳು ದುರಸ್ತಿಯ ಕಾಲ. ಈ ಕೆಲಸಕ್ಕೆ ಎರಡು ಮೂರು ದಿನಗಳ ಮನೆಯವರ ಶ್ರಮ ಸಾಕು. ಮಾಡದೆ ಬಿಟ್ಟರೆ ಆಗುವ ನಷ್ಟ ಸೌದೆಯದು ಮಾತ್ರವಲ್ಲ. ಅದು ಮನೆಯ ಹೆಂಗಸರ ಶ್ವಾಸಕೋಶಕ್ಕೂ ತೋಟದ ಮಣ್ಣಿಗೂ ತಟ್ಟುತ್ತದೆ ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಒಂದು ಹಂಡೆ ನೀರಿನ ಲೆಕ್ಕ

ಒಂದು ಲೀಟರ್ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಸೆಲ್ಸಿಯಸ್ ಏರಿಸಲು ಒಂದು ಕಿಲೋಕ್ಯಾಲರಿ ಶಾಖ ಬೇಕು. 100 ಲೀಟರ್ ಹಿಡಿಯುವ ಹಂಡೆಯ ನೀರನ್ನು 25 ಡಿಗ್ರಿಯಿಂದ 45 ಡಿಗ್ರಿಗೆ ಏರಿಸಲು 2,000 ಕಿಲೋಕ್ಯಾಲರಿ ಬೇಕಾಯಿತು. ಚೆನ್ನಾಗಿ ಒಣಗಿದ ಒಂದು ಕಿಲೋಗ್ರಾಂ ಸೌದೆಯಲ್ಲಿ ಸುಮಾರು 3,500 ಕಿಲೋಕ್ಯಾಲರಿ ಶಾಖವಿದೆ. ಲೆಕ್ಕದ ಪ್ರಕಾರ ಮುಕ್ಕಾಲು ಕಿಲೋ ಸೌದೆಯೂ ಬೇಡ. ಆದರೆ ನಾವು ಒಂದು ಹೊರೆಯನ್ನೇ ಉರಿಸುತ್ತೇವೆ, ಏಕೆಂದರೆ ತೆರೆದ ಮೂರು ಕಲ್ಲಿನ ಒಲೆಯಲ್ಲಿ ಶಾಖದ ಹತ್ತನೆಯ ಒಂದು ಭಾಗದಷ್ಟೇ ಪಾತ್ರೆಗೆ ತಲುಪುತ್ತದೆ. ಉಳಿದದ್ದು ಗೋಡೆಗೆ, ಗಾಳಿಗೆ, ಹೊಗೆಗೆ ಹೋಗುತ್ತದೆ. ಅಂತಹ ಒಲೆಯಲ್ಲಿ ಮೇಲಿನ ಹಂಡೆ ಕಾಯಲು ಐದೂವರೆ ಕಿಲೋಗೂ ಹೆಚ್ಚು ಸೌದೆ ಬೇಕು. ಶಾಖದ ನೂರಕ್ಕೆ 30 ಭಾಗವನ್ನು ಹಂಡೆಗೆ ಮುಟ್ಟಿಸುವ ಒಲೆಯಾದರೆ ಎರಡು ಕಿಲೋ ಸಾಕು. ದಿನವೂ ನೀರು ಕಾಯಿಸುವ ಮನೆಯಲ್ಲಿ ಈ ವ್ಯತ್ಯಾಸ ವರ್ಷಕ್ಕೆ ಒಂದು ಟನ್ನಿಗೂ ಮಿಕ್ಕುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಕೇಂದ್ರದವರು ರೂಪಿಸಿದ ಅಸ್ತ್ರ ಒಲೆ ಹಿರಿಯ ಓದುಗರಿಗೆ ನೆನಪಿರಬಹುದು. ಅಡುಗೆಗೆಂದು ಮಾಡಿದ ಆ ಒಲೆಯ ಗುಟ್ಟುಗಳು ಮೂರೇ: ಉರಿಯ ಕೆಳಗೆ ಗಾಳಿ ಬರಲು ಸರಳಿನ ಜಾಲರಿ, ಬಿಸಿ ಗಾಳಿ ಪಾತ್ರೆಗೆ ಒತ್ತಿಕೊಂಡು ಹರಿಯುವ ಇಕ್ಕಟ್ಟಾದ ದಾರಿ, ಹೊಗೆಯನ್ನು ಎಳೆಯುವ ಕೊಳವೆ. 1980ರ ದಶಕದಲ್ಲಿ ಸರ್ಕಾರದ ಯೋಜನೆಗಳಲ್ಲಿ ಇಂತಹ ಹೊಗೆರಹಿತ ಒಲೆಗಳನ್ನು ಹಳ್ಳಿಹಳ್ಳಿಗಳಲ್ಲಿ ಹಾಕಿಕೊಟ್ಟರು. ಹಲವು ಮನೆಗಳಲ್ಲಿ ಅವು ಕೆಲವೇ ವರ್ಷಗಳಲ್ಲಿ ಮೂಲೆ ಸೇರಿದವು. ಒಲೆ ಕಟ್ಟಿಕೊಟ್ಟವರು ಕೊಳವೆಯ ಮಸಿ ತೆಗೆಯುವುದನ್ನು ಹೇಳಿಕೊಡುವುದಕ್ಕೆ ಅಷ್ಟೇ ಗಮನ ಕೊಟ್ಟಿದ್ದರೆ ಹೀಗಾಗುತ್ತಿರಲಿಲ್ಲವೆಂದು ನನ್ನ ಅಭಿಪ್ರಾಯ. ಮೇಲಿನ ಮೂರು ಗುಟ್ಟುಗಳೇ ಬಚ್ಚಲ ಒಲೆಗೂ ಅನ್ವಯಿಸುತ್ತವೆ. ಇರುವ ಒಲೆಯನ್ನು ಕೀಳದೆಯೇ ಅವನ್ನು ಸರಿಪಡಿಸಬಹುದು.

ಒಲೆಯ ದುರಸ್ತಿ

ಮೊದಲು ಬೂದಿಯನ್ನೆಲ್ಲ ತೆಗೆದು ಒಲೆಯ ಗೂಡನ್ನು ಬರಿದು ಮಾಡಬೇಕು. ಬೂದಿಯ ಮೇಲೆ ಬೂದಿ ಬಿದ್ದು ಗೂಡು ತುಂಬಿದ್ದರೆ ಸೌದೆಗೆ ಕೆಳಗಿನಿಂದ ಗಾಳಿ ಸಿಗದೆ ಅದು ಕಮರುತ್ತದೆ, ಉರಿಯುವುದಿಲ್ಲ. ಕಮರಿದ ಸೌದೆಯಿಂದಲೇ ಹೊಗೆ. ಜಾಲರಿ ಇಲ್ಲದ ಒಲೆಗೆ, ನೆಲದಿಂದ ಒಂದು ಗೇಣಿನಷ್ಟು ಮೇಲೆ, ಹೆಬ್ಬೆರಳು ದಪ್ಪದ ಕಬ್ಬಿಣದ ಸರಳುಗಳನ್ನು ಒಂದೂವರೆ ಸೆಂಟಿಮೀಟರ್ ಅಂತರದಲ್ಲಿ ಅಡ್ಡ ಇಡಬೇಕು. ಕಟ್ಟಡದ ಕೆಲಸದಲ್ಲಿ ಉಳಿದ ತುಂಡು ಸರಳು ಸಾಕು. ಸರಳಿನ ಕೆಳಗಿನ ಬೂದಿಯನ್ನು ದಿನವೂ ಎಳೆದು ತೆಗೆಯುತ್ತಿರಬೇಕು, ಇಲ್ಲವಾದರೆ ಸರಳುಗಳೇ ಬಾಗಿ ಹೋಗುತ್ತವೆ.

ಅನಂತರ ಹಂಡೆಯ ತಳ. ನಮ್ಮಲ್ಲಿ ಹಂಡೆಯನ್ನು ಒಲೆಯೊಳಗೆ ಹೂತು ಗಾರೆ ಮಾಡಿಬಿಡುವುದರಿಂದ ಹಬ್ಬದ ದಿನ ಬೆಳಗುವುದು ಹೊರಗೆ ಕಾಣುವ ಕುತ್ತಿಗೆಯನ್ನು ಮಾತ್ರ. ಉರಿ ತಾಗುವ ತಳದಲ್ಲಿ ವರ್ಷಗಳ ಮಸಿ ಹಾಗೆಯೇ ಇರುತ್ತದೆ. ತೆಳುವಾದ ಕಪ್ಪು ಬಣ್ಣದಿಂದ ತೊಂದರೆಯಿಲ್ಲ. ಹೊಪ್ಪಳಿಕೆಯಾಗಿ ಕಟ್ಟಿದ ಮಸಿ ಮಾತ್ರ ಕಂಬಳಿ ಹೊದಿಸಿದಂತೆ ಶಾಖವನ್ನು ತಡೆಯುತ್ತದೆ. ಒಲೆಯ ಬಾಯಿಯಿಂದ ಉದ್ದ ಕೋಲಿಗೆ ಕಟ್ಟಿದ ಮೊಂಡು ತಗಡಿನಿಂದ ಹಗುರವಾಗಿ ಕೆರೆದು ಇದನ್ನು ಉದುರಿಸಬೇಕು. ತಾಮ್ರ ಮೆತ್ತಗಿನ ಲೋಹವಾದ್ದರಿಂದ ಚೂಪಾದ ಕತ್ತಿ ಬಳಸಬಾರದು. ಹಂಡೆಯ ಒಳಗಿನ ಕೆಸರನ್ನೂ ಆಗಲೇ ತೆಗೆಯಿರಿ. ಕೆಂಪುಕಲ್ಲಿನ ನೆಲದ ಬಾವಿಗಳ ನೀರು ಸಾಮಾನ್ಯವಾಗಿ ಮೆದುವಾಗಿರುವುದರಿಂದ ಬಯಲುಸೀಮೆಯಂತೆ ಗಟ್ಟಿ ಸುಣ್ಣದ ಪದರ ಕಟ್ಟುವುದು ಕಡಿಮೆ. ಸಿಗುವುದು ಹೆಚ್ಚಾಗಿ ಕೆಂಪು ರಾಡಿ. ಖಾಲಿ ಹಂಡೆಗೆ ಉರಿ ತಾಗಿದರೆ ಬೆಸುಗೆ ಬಿಡುತ್ತದೆ. ಹಂಡೆ ಸೋರಲು ಇದೇ ಮುಖ್ಯ ಕಾರಣ. ಮಕ್ಕಳಿಗೂ ಇದನ್ನು ತಿಳಿಸಿರಬೇಕು.

ಹಂಡೆಯ ಸುತ್ತ ಒಲೆಯ ಗೋಡೆಗೂ ಹಂಡೆಯ ಮೈಗೂ ನಡುವೆ ಎರಡರಿಂದ ಮೂರು ಸೆಂಟಿಮೀಟರ್ ಸಂದು ಇದ್ದರೆ ಸಾಕು. ಗೋಡೆಯ ಮಣ್ಣು ಉದುರಿ ಈ ಸಂದು ಅಗಲವಾಗಿದ್ದರೆ ಬಿಸಿ ಗಾಳಿ ಹಂಡೆಯನ್ನು ಮುಟ್ಟದೆ ನೇರ ಕೊಳವೆಗೆ ಓಡುತ್ತದೆ. ಹುತ್ತದ ಮಣ್ಣಿಗೆ ಉಮಿ, ಸ್ವಲ್ಪ ಸಗಣಿ ಸೇರಿಸಿ ಎರಡು ದಿನ ಕೊಳೆಸಿ, ಕಲಸಿ, ಒಳಗಿನಿಂದ ಮೆತ್ತಿ ಸಂದನ್ನು ಇಕ್ಕಟ್ಟು ಮಾಡಬೇಕು. ಬಿರುಕುಗಳಿಗೂ ಇದೇ ಮಣ್ಣು. ಉರಿ ತಾಗುವ ಕಡೆ ಸಿಮೆಂಟ್ ಮೆತ್ತುವುದು ದಂಡ. ಅದು ಕಾದು ಪುಡಿಯಾಗಿ ಉದುರುತ್ತದೆ. ಒಲೆಯ ಬಾಯಿಗೆ ಒಂದು ತಗಡಿನ ಮುಚ್ಚಳ ಮಾಡಿಸಿ, ಉರಿ ಹಿಡಿದ ಮೇಲೆ ಮುಕ್ಕಾಲು ಭಾಗ ಮುಚ್ಚಿ. ತೆರೆದ ಬಾಯಿಯಿಂದ ನುಗ್ಗುವ ತಣ್ಣನೆಯ ಗಾಳಿಯನ್ನು ಬಿಸಿ ಮಾಡಲಿಕ್ಕೇ ಸೌದೆ ಖರ್ಚಾಗುತ್ತಿರುತ್ತದೆ. ಹಂಡೆಯ ಮೇಲೆ ಮುಚ್ಚಳ ಇರಲೇಬೇಕೆಂದು ಹೇಳಬೇಕಾಗಿಲ್ಲವಾದರೂ, ಮುಚ್ಚಳವಿಲ್ಲದ ಹಂಡೆಗಳು ಈಗಲೂ ಕಾಣಸಿಗುತ್ತವೆ.

ಕೊಳವೆಯ ಮಸಿ ತೆಗೆಯಲು ಹಗ್ಗದ ಮಧ್ಯಕ್ಕೆ ಗೋಣಿಚೀಲದ ಉಂಡೆ ಕಟ್ಟಿ, ಒಬ್ಬರು ಮೇಲಿನಿಂದ, ಒಬ್ಬರು ಕೆಳಗಿನಿಂದ ನಾಲ್ಕಾರು ಸಲ ಎಳೆದಾಡಬೇಕು. ಹಳೆಯ ಕೊಳವೆಗಳು ಕಲ್ನಾರಿನ ಸಿಮೆಂಟಿನವಾಗಿರಬಹುದು. ಅದರ ಧೂಳು ಶ್ವಾಸಕೋಶಕ್ಕೆ ಅಪಾಯಕಾರಿ. ಆದುದರಿಂದ ಅಂತಹ ಕೊಳವೆಯನ್ನು ಒಣಗಿದ ತಂತಿ ಬ್ರಷ್‌ನಿಂದ ಉಜ್ಜಬಾರದು, ಗರಗಸದಿಂದ ಕೊಯ್ಯಬಾರದು. ನೀರು ಹಾಕಿ ಒದ್ದೆ ಮಾಡಿಯೇ ಗೋಣಿ ಎಳೆಯಬೇಕು. ಕೊಳವೆಯ ತುದಿ ಮಾಡಿನ ಮಟ್ಟಕ್ಕಿಂತ ಕನಿಷ್ಠ ಎರಡು ಅಡಿ ಮೇಲಿರಬೇಕು, ಮಳೆ ಬೀಳದಂತೆ ಟೋಪಿ ಇರಬೇಕು. ನಮ್ಮ ಮನೆಯಲ್ಲಿ ಒಮ್ಮೆ ಇಡೀ ಮಳೆಗಾಲ ಹೊಗೆ ಕುಡಿದು, ಒಲೆಯನ್ನೇ ಕೆಡವಿ ಹೊಸತು ಕಟ್ಟುವ ಮಾತು ನಡೆದಿತ್ತು. ಕೊನೆಗೆ ನೋಡಿದರೆ ಟೋಪಿಯ ಕೆಳಗೆ ಹಕ್ಕಿಯ ಗೂಡು. ಇತರರಿಗೆ ಉಪದೇಶ ಮಾಡುವವನ ಮನೆಯ ಸ್ಥಿತಿ ಇದು.

ಒದ್ದೆ ಸೌದೆ ಮತ್ತು ಪ್ಲಾಸ್ಟಿಕ್

ಒಲೆ ಎಷ್ಟು ಚೆನ್ನಾಗಿದ್ದರೂ ಸೌದೆ ಒದ್ದೆಯಾಗಿದ್ದರೆ ಫಲವಿಲ್ಲ. ಹಸಿ ಸೌದೆಯ ತೂಕದಲ್ಲಿ ಸುಮಾರು ಅರ್ಧ ನೀರೇ ಇರುತ್ತದೆ. ಅಂತಹ ಐದು ಕಿಲೋ ಸೌದೆ ಒಲೆಗೆ ಹಾಕಿದರೆ ಎರಡೂವರೆ ಕಿಲೋ ನೀರನ್ನು ಕುದಿಸಿ ಆವಿ ಮಾಡಬೇಕಾಗುತ್ತದೆ. ಇದಕ್ಕೆ ತಗಲುವ ಶಾಖ ಸುಮಾರು 1,540 ಕಿಲೋಕ್ಯಾಲರಿ. ಇಡೀ ಹಂಡೆ ಕಾಯಲು ಬೇಕಾದದ್ದು 2,000 ಎಂದು ಮೇಲೆ ಹೇಳಿದೆ. ಅಂದರೆ ಸೌದೆಯೊಳಗೆ ಅಡಗಿದ ಇನ್ನೊಂದು ಹಂಡೆಯನ್ನೇ ನಾವು ಕಾಯಿಸುತ್ತಿದ್ದೇವೆ.

ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಬಿಸಿನೀರು ಹೆಚ್ಚು ಬೇಕಾಗುವುದೂ ಆಗಲೇ. ಹೀಗಾಗಿ ಒಲೆ ಹತ್ತದಿದ್ದಾಗ ಹಾಲಿನ ತೊಟ್ಟೆ, ಎಣ್ಣೆಯ ತೊಟ್ಟೆ, ಹರಿದ ಚಪ್ಪಲಿ, ಗೊಬ್ಬರದ ಚೀಲದ ತುಂಡು ಹಾಕಿ ಉರಿ ಹಿಡಿಸುವ ಅಭ್ಯಾಸ ಮನೆಮನೆಗೆ ಬಂದಿದೆ. ಕಸವೂ ಹೋಯಿತು, ನೀರೂ ಕಾಯಿತು ಎಂಬ ಸಮಾಧಾನ. ಪಿ.ವಿ.ಸಿ. ಸುಟ್ಟಾಗ ಹುಟ್ಟುವ ಹೈಡ್ರೋಕ್ಲೋರಿಕ್ ಆಮ್ಲದ ಹಬೆ ತಾಮ್ರವನ್ನೂ ತಗಡಿನ ಕೊಳವೆಯನ್ನೂ ತಿನ್ನುತ್ತದೆ. ಇಂತಹ ಹೊಗೆಯಲ್ಲಿ ಡಯಾಕ್ಸಿನ್ ಎಂಬ, ದೇಹದ ಕೊಬ್ಬಿನಲ್ಲಿ ವರ್ಷಗಟ್ಟಲೆ ಉಳಿಯುವ ವಿಷವಸ್ತುವೂ ಸೇರಬಹುದು. ಒಲೆಯ ಮುಂದೆ ಕುಕ್ಕುರುಗಾಲಿನಲ್ಲಿ ಕುಳಿತು ಊದುವವರು ಯಾರೆಂದು ಮನೆಯ ಯಜಮಾನರು ಯೋಚಿಸಬೇಕು.

ನಾನು ಬೇಸಾಯಶಾಸ್ತ್ರದವನಾದ್ದರಿಂದ ಇನ್ನೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಬಚ್ಚಲ ಒಲೆಯ ಬೂದಿ ನಮ್ಮ ಮನೆಯಲ್ಲೇ ತಯಾರಾಗುವ ಪೊಟ್ಯಾಷ್ ಗೊಬ್ಬರ. ಜೋರು ಮಳೆಗೆ ತೊಳೆದುಹೋದ ಇಲ್ಲಿನ ಕೆಂಪು ಮಣ್ಣು ಹುಳಿಯಾಗಿದ್ದು, ಅದರಲ್ಲಿ ಪೊಟ್ಯಾಷ್ ಕಡಿಮೆ. ಫಲ ಕೊಡುವ ತೆಂಗಿನ ಮರವೊಂದಕ್ಕೆ ವರ್ಷಕ್ಕೆ ಶಿಫಾರಸು ಮಾಡಲಾದ ಪೋಷಕಾಂಶಗಳು 500 ಗ್ರಾಂ ಸಾರಜನಕ, 320 ಗ್ರಾಂ ರಂಜಕ, 1,200 ಗ್ರಾಂ ಪೊಟ್ಯಾಷ್. ತೆಂಗು ಬೇಡುವುದು ಯಾವುದನ್ನು ಹೆಚ್ಚು ಎಂಬುದು ಈ ಅಂಕಿಗಳಿಂದಲೇ ತಿಳಿಯುತ್ತದೆ. ಮರದ ಬೂದಿಗಿಂತ ತೆಂಗಿನ ಸಿಪ್ಪೆಯ ಬೂದಿಯಲ್ಲಿ ಪೊಟ್ಯಾಷ್ ಬಹಳ ಹೆಚ್ಚು. ಜೊತೆಗೆ ಬೂದಿ ಮಣ್ಣಿನ ಹುಳಿಯನ್ನೂ ತಗ್ಗಿಸುತ್ತದೆ. ಆದರೆ ಪ್ಲಾಸ್ಟಿಕ್, ಬಣ್ಣ ಬಳಿದ ಹಲಗೆ, ಹಳೆಯ ಬ್ಯಾಟರಿ ಸುಟ್ಟ ಒಲೆಯ ಬೂದಿಯಲ್ಲಿ ಸೀಸದಂತಹ ಲೋಹಗಳು ಸೇರಿರಬಹುದು. ಅದನ್ನು ಹರಿವೆ, ಅಲಸಂಡೆ ಸಾಲಿಗೆ ಹಾಕುವುದೆಂದರೆ ಕಸವನ್ನು ಊಟದ ತಟ್ಟೆಗೆ ಬಡಿಸಿದಂತೆ. ಶುದ್ಧ ಬೂದಿಯ ಪೊಟ್ಯಾಷ್ ನೀರಿನಲ್ಲಿ ಸುಲಭವಾಗಿ ಕರಗುವುದರಿಂದ ಅದನ್ನು ಅಂಗಳದ ಮೂಲೆಯಲ್ಲಿ ಮಳೆಗೆ ಸುರಿಯಬಾರದು. ತಣ್ಣಗಾದ ಮೇಲೆ ಮುಚ್ಚಳವಿರುವ ಡಬ್ಬಿಯಲ್ಲಿ ತುಂಬಿಸಿಟ್ಟು, ಮಳೆ ಕಡಿಮೆಯಾದ ಮೇಲೆ ಬುಡಕ್ಕೆ ಹಾಕಬೇಕು. ಬಿಸಿ ಬೂದಿಯನ್ನು ಸೌದೆ ಕೊಟ್ಟಿಗೆಯ ಹತ್ತಿರ ಇಡುವುದು ಬೆಂಕಿ ಅನಾಹುತಕ್ಕೆ ದಾರಿ. ಬೂದಿಯನ್ನು ಹಸಿ ಸಗಣಿ ಅಥವಾ ಯೂರಿಯಾದೊಂದಿಗೆ ಬೆರೆಸುವ ರೂಢಿಯೂ ಸರಿಯಲ್ಲ. ಸಾರಜನಕ ಅಮೋನಿಯವಾಗಿ ಗಾಳಿ ಪಾಲಾಗುತ್ತದೆ.

ಪ್ಲಾಸ್ಟಿಕ್ ಬೇಡವೆಂದು ಹೇಳಿದರೆ ಸಾಲದು, ಒಣ ಸೌದೆ ಇರಬೇಕು. ಕೊಲ್ಲೂರು, ಅಮಾಸೆಬೈಲು ಕಡೆಯ ಘಟ್ಟದ ಬುಡದ ಊರುಗಳಲ್ಲಿ ಅಡಿಕೆ ಸೋಗೆ, ಹಾಳೆ, ರಬ್ಬರ್ ಮತ್ತು ಅಕೇಶಿಯಾ ಸೌದೆ. ಮರವಂತೆ, ಗಂಗೊಳ್ಳಿ, ಕೋಟ ಕಡೆ ತೆಂಗಿನ ಮಡಲು, ಕೊತ್ತಳಿಗೆ, ಕರಟ, ಗಾಳಿಮರದ ಸೌದೆ. ಯಾವುದೇ ಆಗಲಿ, ಜನವರಿಯೊಳಗೆ ಕಡಿದು ಮಣಿಕಟ್ಟಿನ ದಪ್ಪಕ್ಕೆ ಸೀಳಿ, ಬಿಸಿಲಿಗೆ ಅಡ್ಡಡ್ಡ ಪೇರಿಸಿ, ಮೇ ಮೂರನೆಯ ವಾರದೊಳಗೆ ಕೊಟ್ಟಿಗೆ ಸೇರಿಸಬೇಕು. ದಪ್ಪ ಕೊರಡು ನಾಲ್ಕು ತಿಂಗಳಲ್ಲಿ ಒಣಗುವುದಿಲ್ಲ. ಕೊಟ್ಟಿಗೆಯ ನೆಲದಿಂದ ಅರ್ಧ ಅಡಿ ಮೇಲೆ ಅಡಕೆ ದಬ್ಬೆ ಹಾಸಿ, ಗೋಡೆಗೆ ತಾಗದಂತೆ ಇಡಬೇಕು. ತೆಂಗಿನ ಸಿಪ್ಪೆ ಬೇಗ ಒಣಗುತ್ತದಾದರೂ ಮಳೆಗಾಲದ ಗಾಳಿಯಿಂದ ತೇವವನ್ನು ಮತ್ತೆ ಹೀರಿಕೊಳ್ಳುತ್ತದೆ. ಆಷಾಢದಲ್ಲಿ ಸಿಪ್ಪೆಯ ಮೇಲೆ ಭರವಸೆ ಬೇಡ. ಉರಿ ಹಿಡಿಸಲು ಕರಟದ ಚೂರು, ಒಣ ಮಡಲು ಒಂದು ಡಬ್ಬಿಯಲ್ಲಿ ಬೇರೆಯಾಗಿ ಇರಲಿ. ಈ ಒಂದು ಡಬ್ಬಿ ಇದ್ದರೆ ಹಾಲಿನ ತೊಟ್ಟೆಯ ನೆನಪಾಗುವುದಿಲ್ಲ. ಬೇಸಗೆಯಲ್ಲಿ ತೋಟಕ್ಕೆ ನೀರಿನ ಕೊರತೆ ಇರುವವರು ಸಿಪ್ಪೆಯನ್ನೆಲ್ಲ ಸುಡದೆ, ತೆಂಗಿನ ಬುಡದ ಪಾತಿಯಲ್ಲಿ ಬೆನ್ನು ಮೇಲಾಗಿ ಹೊದಿಸುವುದೇ ಲೇಸು. ಒಲೆಗೆ ಕೊತ್ತಳಿಗೆಯಿದೆ, ಮಣ್ಣಿನ ತೇವ ಉಳಿಸಲು ಸಿಪ್ಪೆಯಷ್ಟು ಅಗ್ಗದ ವಸ್ತು ಬೇರಿಲ್ಲ.

ವಿದ್ಯುತ್, ಗ್ಯಾಸ್, ಸೂರ್ಯ

ಗೀಸರ್ ಹಾಕಿಸಿಕೊಂಡವರಿಗೆ ಕೆಲವು ಮಾತು. ಮೇಲಿನ ಹಂಡೆಯಷ್ಟೇ ನೀರನ್ನು ವಿದ್ಯುತ್ತಿನಿಂದ ಕಾಯಿಸಲು ದಿನಕ್ಕೆ ಸುಮಾರು ಎರಡೂವರೆ ಯುನಿಟ್, ತಿಂಗಳಿಗೆ 75 ಯುನಿಟ್ ಬೇಕು. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯಲ್ಲಿ ಉಚಿತ ವಿದ್ಯುತ್ತಿಗೆ ಮನೆಯ ಹಿಂದಿನ ಸರಾಸರಿಯ ಮಿತಿ ಇದೆ. ಬಳಕೆ 200 ಯುನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕಾಗುತ್ತದೆ. ಗೀಸರಿನ ಉಷ್ಣತೆಯನ್ನು 50 ಡಿಗ್ರಿಯ ಆಸುಪಾಸಿನಲ್ಲಿಟ್ಟರೆ ಸ್ನಾನಕ್ಕೆ ಸಾಕು. ತೊಟ್ಟಿಯೊಳಗೆ ತುಕ್ಕು ತಡೆಯಲು ಮೆಗ್ನೀಷಿಯಂ ಕಡ್ಡಿಯೊಂದಿರುತ್ತದೆ. ಅದು ತಾನು ಸವೆದು ತೊಟ್ಟಿಯನ್ನು ಉಳಿಸುತ್ತದೆ. ಹುಳಿ ನೀರಿನ ಬಾವಿ ಇರುವವರೂ, ಬೇಸಗೆಯಲ್ಲಿ ಉಪ್ಪು ಏರುವ ಹೊಳೆ ಬದಿಯವರೂ ವರ್ಷಕ್ಕೊಮ್ಮೆ ಅದನ್ನು ತೆಗೆಸಿ ನೋಡಬೇಕು. ಕಡ್ಡಿಗೆ ಆಗುವ ವೆಚ್ಚ ಅಲ್ಪ, ತೊಟ್ಟಿ ತೂತಾದರೆ ಹೊಸ ಗೀಸರೇ ಬೇಕು.

ಬಕೆಟಿಗೆ ಇಳಿಬಿಡುವ ವಿದ್ಯುತ್ ಸರಳನ್ನು ನಾನು ಯಾರಿಗೂ ಹೇಳುವುದಿಲ್ಲ. ಈಗಾಗಲೇ ಇದ್ದರೆ, ಸ್ವಿಚ್ಚು ಆರಿಸಿ ಪ್ಲಗ್ ಕೀಳದೆ ನೀರಿಗೆ ಕೈ ಹಾಕಬಾರದು. ಗ್ಯಾಸ್ ಗೀಸರನ್ನು ಸ್ನಾನದ ಕೋಣೆಯ ಒಳಗೆ ಹಾಕಿಸಲೇಬಾರದು. ಮುಚ್ಚಿದ ಕೋಣೆಯಲ್ಲಿ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಸ್ನಾನಕ್ಕೆ ಹೋದವರು ಹೊರಗೆ ಬಾರದ ಪ್ರಸಂಗಗಳು ನಡೆದಿವೆ. ಒಲೆಯ ಬಾಯಿಯನ್ನು ಬಚ್ಚಲಿನ ಹೊರಗೆ ಇಟ್ಟು ಕಟ್ಟಿದ ಹಿರಿಯರ ಕ್ರಮದಲ್ಲಿ ಈ ಜಾಣ್ಮೆಯೂ ಇತ್ತು.

ಸೌರ ಜಲತಾಪಕದ ಗಾಜನ್ನು ಅಕ್ಟೋಬರಿನಲ್ಲಿ ಪಾಚಿ ಹೋಗುವಂತೆ ತೊಳೆದು, ಅನಂತರ ಹದಿನೈದು ದಿನಕ್ಕೊಮ್ಮೆ ಧೂಳು ತೆಗೆಯಬೇಕು. ಬೆಳಿಗ್ಗೆ ಗಾಜು ತಣ್ಣಗಿರುವಾಗ ತೊಳೆಯಿರಿ. ಮಧ್ಯಾಹ್ನ ಕಾದ ಗಾಜಿಗೆ ತಣ್ಣೀರು ಬಿದ್ದರೆ ಒಡೆಯಬಹುದು.

ಮನೆಯ ಮಾಡು

ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ನಮ್ಮ ಕರಾವಳಿಯ ಮುಳಿಹುಲ್ಲಿನ ಮಾಡುಗಳು ಕ್ರಮೇಣ ಹಂಚಿಗೆ ತಿರುಗಿದವು. ಹಂಚಿನ ಗುಣವೆಂದರೆ ಬೇಗ ಕಾದರೂ ಬೇಗ ತಣಿಯುತ್ತದೆ, ಸಂದುಗಳಿಂದ ಬಿಸಿ ಗಾಳಿಯನ್ನು ಹೊರಬಿಡುತ್ತದೆ. ತಾರಸಿಯ ಕಾಂಕ್ರೀಟು ಹಾಗಲ್ಲ. ಹಗಲಿಡೀ ಶಾಖ ಕುಡಿದು ರಾತ್ರಿ ಮಲಗಿದವರ ಮೇಲೆ ಕಾರುತ್ತದೆ. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳ ಸೆಕೆಗೆ ತೇವವೂ ಸೇರುವುದರಿಂದ ಬೆವರು ಆರುವುದಿಲ್ಲ. ಆಗ ಗಾಳಿಯಾಡುವುದೊಂದೇ ಉಪಾಯ.

ಹಂಚಿನ ಮನೆಯವರು ಮೇ ಮೊದಲಲ್ಲಿ ಒಡೆದ ಹಂಚು ಬದಲಿಸಿ, ಪಾಚಿ ಕೆರೆದು, ಒಣಗಿದ ಎಲೆ ಗುಡಿಸಿ, ರೀಪು ಪಕ್ಕಾಸುಗಳಿಗೆ ಗೆದ್ದಲು ಹತ್ತಿದೆಯೇ ನೋಡಬೇಕು. ಒಂದು ಒಡೆದ ಹಂಚನ್ನು ಅಲಕ್ಷಿಸಿದರೆ ಒಂದು ಮಳೆಗಾಲದಲ್ಲಿ ರೀಪು, ಎರಡನೆಯದರಲ್ಲಿ ಪಕ್ಕಾಸು ಹೋಗುತ್ತದೆ. ಮುಚ್ಚಿಗೆಯ ಮೇಲೆ ಗಾಳಿ ಹೋಗುವ ಕಿಂಡಿಗಳನ್ನು ಬಾವಲಿ, ಇಲಿಗಳ ಕಾಟಕ್ಕೆ ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚುವವರಿದ್ದಾರೆ. ಅದರ ಬದಲು ತಂತಿಬಲೆ ಹೊಡೆದರೆ ಗಾಳಿಗೆ ತಡೆಯಿಲ್ಲ.

ತಾರಸಿ ಮನೆಯವರು ಫೆಬ್ರವರಿಯಲ್ಲಿ ತಾರಸಿಯನ್ನು ತೊಳೆದು ಎರಡು ಕೈ ಬಿಳಿ ಸುಣ್ಣ ಬಳಿಯಲಿ. ಬಿಳಿ ಮೈ ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ. ಮಳೆಗೆ ಇದು ತೊಳೆದುಹೋಗುತ್ತದೆ, ಮರುವರ್ಷ ಮತ್ತೆ ಬಳಿಯಬೇಕು. ಇಲ್ಲವಾದರೆ ಹೆಣೆದ ಮಡಲನ್ನು ಮೇ ಕೊನೆಯವರೆಗೆ ಹಾಸಬಹುದು, ಆದರೆ ಬೆಂಕಿಯ ಕಿಡಿಯಿಂದ ಜೋಪಾನ. ತಾರಸಿಯ ಮೇಲೆ ತಗಡು ಹಾಕಿಸುವವರು ನಾಲ್ಕೂ ಬದಿ ಗಾಳಿಗೆ ತೆರೆದಿಡಬೇಕು. ಬದಿ ಮುಚ್ಚಿದರೆ ಮನೆಯ ನೆತ್ತಿಯ ಮೇಲೆ ಇನ್ನೊಂದು ಒಲೆ ಇಟ್ಟಂತೆ. ಅಂತಹ ಮಾಡಿನಡಿಯ ಜಾಗ ಸೌದೆ, ಅಡಿಕೆ, ಕಾಯಿ ಒಣಗಿಸಲು ಒದಗುತ್ತದೆ.

ಫ್ಯಾನು ನಿಧಾನವಾಯಿತೆಂದು ಹೊಸತು ತರುವ ಮೊದಲು ಅದರ ಕೆಪ್ಯಾಸಿಟರ್ ಬದಲಿಸಿ ನೋಡಿ. ಬಹಳ ಸಲ ದೋಷ ಅಲ್ಲೇ ಇರುತ್ತದೆ. ಫ್ರಿಜ್ಜಿನ ಬಾಗಿಲಿಗೆ ಒಂದು ಕಾಗದ ಸಿಕ್ಕಿಸಿ ಮುಚ್ಚಿ ಎಳೆಯಿರಿ. ಸಲೀಸಾಗಿ ಬಂದರೆ ರಬ್ಬರ್ ಪಟ್ಟಿ ಸಡಿಲವಾಗಿದೆಯೆಂದು ಅರ್ಥ. ಹವಾನಿಯಂತ್ರಕ ಇದ್ದವರು ಅದರ ಜಾಲರಿಯನ್ನು ಎರಡು ವಾರಕ್ಕೊಮ್ಮೆ ತೊಳೆಯಬೇಕು. ಕಡಲ ಬದಿಯವರು ವಿದ್ಯುತ್ ಕಡಿದು, ಹೊರಗಿನ ಪೆಟ್ಟಿಗೆಯ ಮೇಲೆ ಕೂತ ಉಪ್ಪನ್ನು ಸಿಹಿನೀರಿನಿಂದ ಹಗುರವಾಗಿ ತೊಳೆದರೆ ಅದರ ರೆಕ್ಕೆಗಳು ಬೇಗ ತಿಂದುಹೋಗುವುದಿಲ್ಲ. 24 ಡಿಗ್ರಿಗಿಂತ ಕೆಳಗಿಳಿಸುವ ಅಗತ್ಯ ಕರಾವಳಿಯಲ್ಲೂ ಇಲ್ಲ.

ಗೀಸರು, ಫ್ರಿಜ್ಜು, ಪಂಪು ಇರುವ ಪ್ರತಿ ಮನೆಗೂ ಭೂಸಂಪರ್ಕದ ಗುಂಡಿ ಇರುತ್ತದೆ. ಅದರ ಜಾಗ ಎಷ್ಟು ಮಂದಿಗೆ ಗೊತ್ತು? ಕೆಂಪುಕಲ್ಲಿನ ನೆಲ ಮಾರ್ಚಿನಿಂದ ಮೇವರೆಗೆ ಪೂರ್ತಿ ಒಣಗಿ, ಭೂಸಂಪರ್ಕ ಹೆಸರಿಗೆ ಮಾತ್ರ ಉಳಿಯುತ್ತದೆ. ಮೊದಲ ಗುಡುಗು ಮಳೆ ಬರುವುದೂ ಆ ಹೊತ್ತಿಗೇ. ಸೋರುವ ವಿದ್ಯುತ್ತನ್ನು ಕೂಡಲೇ ಕಡಿಯುವ ಸ್ವಿಚ್ಚನ್ನು ಮೀಟರಿನ ಹತ್ತಿರ ಹಾಕಿಸಿ, ಅದರ ಪರೀಕ್ಷಾ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಿ. ಬೇಸಗೆಯ ಮೂರು ತಿಂಗಳು ಭೂಸಂಪರ್ಕದ ಗುಂಡಿಗೆ ವಾರಕ್ಕೆರಡು ಸಲ ಎರಡೆರಡು ಕೊಡ ನೀರು ಸುರಿಯಬೇಕು.